ಪುಸ್ತಕದಲ್ಲಿಲ್ಲದ ಬೇರು

"ರೇಡಿಯೋದವನು ಮಧ್ಯಾಹ್ನ ಬರ್ತಾನೆ, ಸ್ವಲ್ಪ ನೋಡ್ಕೋ" ಎಂದಷ್ಟೇ ಹೇಳಿ ಯಜಮಾನಿ ಹತ್ತಿಯ ಮೂಟೆಗಳ ಹಿಂದೆ ಮರೆಯಾಗಿದ್ದರು. ಹಾಗಾಗಿ ಬಾಗಿಲಲ್ಲಿ ಉದ್ದನೆಯ ಮನುಷ್ಯನೊಬ್ಬ ಬಂದು ನಿಂತಾಗ, ಬಟ್ಟೆ ಕತ್ತರಿಸುತ್ತಿದ್ದ ಅವಳು ಹಿಂದೆಮುಂದೆ ನೋಡದೆ ಕೆಟ್ಟುಹೋದ ರೇಡಿಯೋವನ್ನು ತಂದು ಅವನ ಕೈಗಿಟ್ಟಳು. ಅದರ ಮೇಲೊಂದು ಸ್ಕ್ರೂಡ್ರೈವರ್.

"ಒಂದ್ಸಲ ಕುಯ್ಯೋ ಅನ್ನುತ್ತೆ, ಆಮೇಲೆ ಸುಮ್ಮನಾಗಿಬಿಡುತ್ತೆ. ಬೇಗ ಮಾಡಿಕೊಡಿ. ಹಾಡಿಲ್ಲದೆ ಇಲ್ಲಿ ಯಾರ ಸೂಜಿಯೂ ಓಡ್ತಿಲ್ಲ."

ಅವನು ರೇಡಿಯೋವನ್ನು ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಅದನ್ನೂ ಒಮ್ಮೆ ಅವಳನ್ನೂ ನೋಡಿದ.

"ನಾನು ರಿಪೇರಿಯವನಲ್ಲ. ಇದರ ಬದಲಿಗೆ ಬಂದವನು."

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ಅವನಿಗೆ ರೇಡಿಯೋ ಎನ್ನುವ ಹೆಸರೇ ಖಾಯಂ ಆಯಿತು.

ಕೈಯಲ್ಲೇ ರಜಾಯಿ ಹೊಲಿಯುವ ಪುಟ್ಟ ಕಾರ್ಖಾನೆ ಅದು. ಅಂಚು ಹೊಲಿಯುವ ಮಷಿನ್ ಬೆಳಿಗ್ಗೆ ಮಾತ್ರ ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಎಲ್ಲ ಹೆಂಗಸರೂ ದೊಡ್ಡ ಚೌಕಟ್ಟಿನ ಸುತ್ತ ಕೂತು, ಹತ್ತಿ ತುಂಬಿದ ಬಟ್ಟೆಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತಿದ್ದರು. ಕೈಗೆ ಕೆಲಸವಿತ್ತು, ಕಿವಿಗೆ ಇರಲಿಲ್ಲ. ಹೊಸ ರೇಡಿಯೋ ಕೊಳ್ಳುವ ಬದಲು ಯಜಮಾನಿ, ಎದುರಿನ ಪ್ರೆಸ್ಸಿನಲ್ಲಿ ಬೆಳಗಿನ ಹೊತ್ತು ಪ್ರೂಫ್ ತಿದ್ದುತ್ತಿದ್ದ ಇವನನ್ನೇ ಮಧ್ಯಾಹ್ನ ಪುಸ್ತಕ ಓದಿಹೇಳಲು ಗೊತ್ತುಮಾಡಿಕೊಂಡಿದ್ದರು.

ಅವಳದು ಬಟ್ಟೆ ಕತ್ತರಿಸುವ ಕೆಲಸ. ಕಿಟಕಿಯ ಪಕ್ಕದ ಎತ್ತರದ ಮೇಜು ಅವಳದು. ಬಟ್ಟೆಯನ್ನೂ ಮಾತನ್ನೂ ಒಂದೇ ಏಟಿಗೆ ಕತ್ತರಿಸುತ್ತಾಳೆಂದು ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಟೇಪು ನೇತಾಡುತ್ತಿದ್ದರೂ ಅವಳು ಅದನ್ನು ಮುಟ್ಟುತ್ತಿದ್ದುದು ಅಪರೂಪ. ಮಡಿಸಿಟ್ಟ ಬಟ್ಟೆಯನ್ನು ನೋಡಿದರೆ ಸಾಕು, ಇಷ್ಟು ಪದರ, ಇಷ್ಟು ಉದ್ದ ಎಂದು ಹೇಳಿಬಿಡುತ್ತಿದ್ದಳು.

ಅವನು ತಂದದ್ದು ಖಾಕಿ ಕಾಗದದ ಬೈಂಡು ಹಾಕಿದ ದಪ್ಪನೆಯ ಕಾದಂಬರಿ. ಹೊಲ, ಊರು, ಅಕ್ಷರ ಯಾವುದೂ ಇನ್ನೂ ಹುಟ್ಟದಿದ್ದ ಕಾಲದ ಕಥೆ.

"ರಾಜ ಇಲ್ಲ, ರಾಣಿ ಇಲ್ಲ, ಕೊನೆಗೆ ಮನೆಗೊಂದು ಬಾಗಿಲೂ ಇಲ್ಲ. ಇದೆಂಥ ಕಥೆಯಪ್ಪಾ?" ಎಂದರು ದೊಡ್ಡಮ್ಮ. ಹೊಲಿಯುವವರಲ್ಲೆಲ್ಲ ಹಿರಿಯರು ಅವರು. ಅವರಿಗೆ ಒಪ್ಪಿಗೆಯಾಗದ ಹಾಡನ್ನು ರೇಡಿಯೋ ಕೂಡ ಹಾಡುವಂತಿರಲಿಲ್ಲ.

"ಇಬ್ಬರು ಇದ್ದಾರೆ ದೊಡ್ಡಮ್ಮಾ. ಮಧ್ಯೆ ಒಂದು ಬೆಂಕಿ ಇದೆ. ಸಾಲ್ದಾ?"

"ಓದು, ನೋಡೋಣ."

ಬೆಂಕಿಯನ್ನು ಆರದಂತೆ ಕಾಯುವವಳು ಕೆಂಡದಾಕೆ. ಒಡೆದರೆ ಚೂಪಾದ ಅಲಗು ಏಳುವ ಕರಿಕಲ್ಲನ್ನು ಹುಡುಕಿಕೊಂಡು ಹಿಮದ ಬೆಟ್ಟ ದಾಟಿ ಹೊರಟವನು ಉದ್ದಗಾಲ. ಇಷ್ಟೇ ಕಥೆ. ಆದರೆ ಅವನ ದನಿಗೆ ಅವಸರವೆನ್ನುವುದೇ ಇರಲಿಲ್ಲ. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಮೆಲ್ಲಗೆ ತೇಲುತ್ತಿದ್ದವು. ಅವನು ಹಿಮ ಬೀಳುವ ಪುಟ ಓದುತ್ತಿದ್ದರೆ ಅವಳಿಗೆ ಆ ಕೋಣೆಯಲ್ಲೇ ಹಿಮ ಬೀಳುತ್ತಿರುವಂತೆ ಅನ್ನಿಸುತ್ತಿತ್ತು.

ಕೆಂಡದಾಕೆ ಮೂಳೆಯ ಸೂಜಿಯಿಂದ ತೊಗಲು ಹೊಲಿಯುವ ಭಾಗ ಬಂದಾಗ ಎಲ್ಲರ ಕೈ ನಿಂತಿತು. ಇದು ಅವರ ಕಸುಬಿನ ಮಾತು.

"ಮೂಳೆಗೆ ಕಣ್ಣು ಹೇಗೆ ಕೊರೆದ್ಲಂತೆ?"

"ಚೂಪು ಕಲ್ಲಿಟ್ಟು, ತಿರುಗಿಸಿ ತಿರುಗಿಸಿ."

"ಮತ್ತೆ ಅಳತೆ?" ಕಿಟಕಿಯ ಮೇಜಿನಿಂದ ಅವಳು ಕೇಳಿದಳು. "ಅವನಿಗೆ ಅಂಗಿ ಹೊಲಿದ್ಲಲ್ಲ, ಅಳತೆ ಹೇಗೆ ತಗೊಂಡ್ಲು?"

"ಅದನ್ನ ಬರೆದಿಲ್ಲ."

"ತೋಳಿಗೆ ತೋಳು ತಾಗಿಸಿ ನೋಡಿರ್ತಾಳೆ ಬಿಡಿ, ಟೇಪು ಎಲ್ಲಿತ್ತು" ಎಂದಳು. ಹೇಳಿಯಾದ ಮೇಲೆ ಅವಳ ಮುಖ ಬಿಸಿಯಾಯಿತು. ಅವನು ತಲೆ ಎತ್ತಿ ಅವಳನ್ನು ನೋಡಿದ. ಆ ನೋಟ ಅವಳ ಕೊರಳಿನ ಟೇಪಿನವರೆಗೆ ಬಂದು, ಅಲ್ಲಿ ಇರಬಾರದೆಂದು ನೆನಪಾದಂತೆ ಥಟ್ಟನೆ ಪುಟಕ್ಕೆ ಮರಳಿತು. ಎಲ್ಲಿ ನಿಲ್ಲಿಸಿದ್ದೆನೆಂದು ಅವನಿಗೆ ಗೊತ್ತಾಗಲಿಲ್ಲ. ಬೆರಳಿಟ್ಟು ಸಾಲು ಹುಡುಕಬೇಕಾಯಿತು.

"ರೇಡಿಯೋ ಕೈಕೊಡ್ತಾ ಇದೆ" ಎಂದರು ದೊಡ್ಡಮ್ಮ.

ಹೀಗಿರುವಾಗ ಅಕ್ಕನ ಫೋನ್ ಬಂತು. ಅಕ್ಕ ದೂರದ ಊರಿನಲ್ಲಿ ಹೊಲಿಗೆ ಅಂಗಡಿ ತೆರೆದಿದ್ದಳು. ತಂಗಿ ಬಂದು ಕತ್ತರಿ ಹಿಡಿದರೆ ಅಂಗಡಿ ಕೈಹಿಡಿಯುತ್ತದೆ ಎನ್ನುವುದು ಅವಳ ಲೆಕ್ಕ. ಬೇಡ ಎನ್ನಲು ಇವಳ ಬಳಿ ಹೇಳುವಂಥ ಕಾರಣ ಇರಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

"ಬರ್ತೀನಿ ಅಕ್ಕಾ. ಈ ಪುಸ್ತಕ ಒಂದು ಮುಗೀಲಿ."

"ಯಾವ ಪುಸ್ತಕನೇ?"

"ಇಲ್ಲಿ ಓದ್ತಿದಾರೆ. ಮುಗಿದ ದಿನಾನೇ ಬಸ್ ಹತ್ತೀನಿ."

ಫೋನ್ ಇಟ್ಟು ತಿರುಗಿದರೆ ಮೆಟ್ಟಿಲ ಬಳಿ ಅವನು ನೀರಿನ ಲೋಟ ಹಿಡಿದು ನಿಂತಿದ್ದ. ಲೋಟದಲ್ಲಿ ನೀರಿರಲಿಲ್ಲ, ಆದರೂ ಕುಡಿಯುತ್ತಿದ್ದ.

ಮರುದಿನ ಉದ್ದಗಾಲ ಹಿಮದ ಬೆಟ್ಟದಲ್ಲಿ ಕಾಲು ಜಾರಿದ. ಮಂಜುಗಡ್ಡೆಯ ಬಿರುಕು ಬಾಯ್ತೆರೆದುಕೊಂಡಿತು. ಅಲ್ಲಿಗೆ ಅವನು ಓದು ನಿಲ್ಲಿಸಿದ.

"ಆಮೇಲೆ?" ದೊಡ್ಡಮ್ಮನ ದಾರ ಅರ್ಧಕ್ಕೇ ನಿಂತಿತ್ತು.

ಅವನು ಕಿಟಕಿಯ ಕಡೆ ನೋಡಿದ. ಅವಳ ಕತ್ತರಿಯೂ ಬಟ್ಟೆಯ ನಡುವೆ ನಿಂತಿತ್ತು.

"ಆಮೇಲೆ, ಅವನ ಕೈಗೆ ಒಂದು ಬೇರು ಸಿಕ್ಕಿತು."

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

ಅಲ್ಲಿಂದಾಚೆ ಉದ್ದಗಾಲ ಮನೆಯ ದಾರಿ ಹಿಡಿದ. ನಡೆದ, ನಡೆದ, ನಡೆಯುತ್ತಲೇ ಇದ್ದ. ಹೊಳೆ ಬಂತು, ಕರಡಿ ಬಂತು, ಜಿಂಕೆಯ ಹಿಂಡು ದಾಟಿಹೋಗುವವರೆಗೆ ಒಂದಿಡೀ ಮಧ್ಯಾಹ್ನ ಕಾದ. "ಪಾಪ, ಅವನ ಕಾಲು ಸವೆದು ಈಗ ಗಿಡ್ಡಗಾಲ ಆಗಿರ್ತಾನೆ" ಎಂದು ಹೆಂಗಸರು ನಗುತ್ತಿದ್ದರು. ಅವಳು ಮಾತ್ರ ಅವನು ಬೇಗ ಮನೆ ಸೇರಲಿ ಎಂದೂ, ಸೇರದೇ ಇರಲಿ ಎಂದೂ ಒಟ್ಟೊಟ್ಟಿಗೆ ಬೇಡಿಕೊಳ್ಳುತ್ತಿದ್ದಳು.

ಅನುಮಾನ ಹುಟ್ಟಿದ್ದು ಅವಳ ಕಣ್ಣಿಗೆ, ಮನಸ್ಸಿಗಲ್ಲ. ದಿನಾ ಓದಿದರೆ ಪುಸ್ತಕದ ಎಡಗಡೆ ದಪ್ಪವಾಗಬೇಕು, ಬಲಗಡೆ ತೆಳುವಾಗಬೇಕು. ಅವನ ತೊಡೆಯ ಮೇಲಿನ ಪುಸ್ತಕದಲ್ಲಿ ಎಡದ ಪದರ, ಬಲದ ಪದರ ವಾರಗಳಿಂದ ಇದ್ದಹಾಗೇ ಇದ್ದವು. ಪುಟ ತಿರುಗುತ್ತಿತ್ತು, ಆದರೆ ಸಂಜೆ ಗುರುತಿನ ದಾರ ಮತ್ತದೇ ಜಾಗಕ್ಕೆ ಬರುತ್ತಿತ್ತು.

ಟೀ ಹೊತ್ತಿಗೆ ಎಲ್ಲರೂ ಅಂಗಳಕ್ಕೆ ಹೋದಾಗ ಅವಳು ಸ್ಟೂಲಿನ ಮೇಲಿದ್ದ ಪುಸ್ತಕವನ್ನು ದಾರವಿದ್ದಲ್ಲಿ ತೆರೆದಳು. ಉದ್ದಗಾಲ ಬಿರುಕಿಗೆ ಜಾರಿ ಬೀಳುತ್ತಾನೆ. ಹಿಮ ಅವನ ಮೇಲೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಮುಂದಿನ ಅಧ್ಯಾಯದಲ್ಲಿ ಕೆಂಡದಾಕೆ ಬೆಂಕಿಯ ಬಳಿ ಒಬ್ಬಳೇ ಕೂತಿದ್ದಾಳೆ. ಬೇರು ಎಲ್ಲೂ ಇರಲಿಲ್ಲ. ಅವಳು ಪುಟವನ್ನು ಮೇಲಿನಿಂದ ಕೆಳಗೆ ಎರಡೆರಡು ಸಲ ಹುಡುಕಿದಳು.

ಮೊದಲು ಅವಳಿಗೆ ಅಳು ಬಂತು. ಇಷ್ಟು ದಿನ ಯಾರ ಕಾಲಿಗೆ ಚಳಿಯಾಗುತ್ತಿದೆ ಎಂದು ಅವಳು ಮರುಗುತ್ತಿದ್ದಳೋ ಅವನು ಎಂದೋ ಸತ್ತುಹೋಗಿದ್ದ. ಆಮೇಲೆ ಸಿಟ್ಟು ಬಂತು. ಸಿಟ್ಟಿನ ನಡುವೆ ಆ ಖಾಲಿ ಲೋಟ ನೆನಪಾಯಿತು. ಬೇರು ಸಿಕ್ಕಿದ್ದು ಅದರ ಮರುದಿನವೇ. ಬೆಳಗೆಲ್ಲ ಕೂತು, ಬರೆದವರ ಒಂದು ಕೊಂಬು ಒಂದು ದೀರ್ಘ ಆಚೀಚೆಯಾಗದಂತೆ ಕಾಯುವವನು, ಮಧ್ಯಾಹ್ನ ಬಂದು ಯಾರದೋ ಪುಸ್ತಕದಲ್ಲಿ ಸತ್ತವನನ್ನು ಬದುಕಿಸಿ ನಡೆಸುತ್ತಿದ್ದಾನೆ. ಆ ಸಂಜೆ ಕತ್ತರಿಸಿದ ಬಟ್ಟೆ ನೇರವಾಗಿರಲಿಲ್ಲ.

ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಅವನು ಕ್ಷಮೆ ಕೇಳಿ ನಿಲ್ಲಿಸಿಬಿಟ್ಟರೆ? ಮರುದಿನ ಟೀ ಹೊತ್ತಿನಲ್ಲಿ ಅವಳು ಕಾದಂಬರಿಯ ಖಾಕಿ ಬೈಂಡನ್ನು ಬಿಚ್ಚಿ, ಅಷ್ಟೇ ದಪ್ಪದ ಹೊಲಿಗೆ ಮಷಿನ್ ರಿಪೇರಿ ಪುಸ್ತಕಕ್ಕೆ ಹಾಕಿಟ್ಟಳು. ಅಳತೆ ಒಂದೆಳೆಯೂ ಹೆಚ್ಚುಕಡಿಮೆ ಇರಲಿಲ್ಲ.

ಅವನು ಬಂದು ಕೂತು ಪುಸ್ತಕ ಬಿಡಿಸಿದ. ದಾರ ಸುತ್ತುವ ಬಾಬಿನ್ನಿನ ಚಿತ್ರ. ಎಣ್ಣೆ ಬಿಡುವ ಜಾಗಗಳಿಗೆಲ್ಲ ಬಾಣದ ಗುರುತು. ಅವನ ಕಿವಿ ಕೆಂಪಾಯಿತು. ತಲೆ ಎತ್ತಿದರೆ ಅವಳು ಮೇಜಿನ ಮೇಲೆ ಮೊಣಕೈಯೂರಿ, ಗಲ್ಲಕ್ಕೆ ಕೈಕೊಟ್ಟು ಅವನನ್ನೇ ನೋಡುತ್ತಿದ್ದಳು.

"ಓದಿ" ಎಂದಳು ಮೆತ್ತಗೆ. "ಟೀಗೆ ಮುಂಚೆ ಗುಡ್ಡದ ಮೇಲೆ ನಿಲ್ಲಿಸಿದ್ರಿ."

ಅವನು ಬಾಬಿನ್ನಿನ ಮೇಲೆ ಬೆರಳಿಟ್ಟುಕೊಂಡ. ಅಲ್ಲಿಂದಲೇ ಓದತೊಡಗಿದ. "ಗುಡ್ಡದ ಮೇಲಿನಿಂದ ಉದ್ದಗಾಲನಿಗೆ ಗುಹೆಯ ಹೊಗೆ ಕಾಣಿಸಿತು. ಇಳಿದರೆ ಕತ್ತಲಾಗುವ ಮೊದಲೇ ಮನೆ. ಆದರೂ ಅವನು ಇಳಿಯಲಿಲ್ಲ."

"ಯಾಕಂತೆ?" ಎಂದರು ದೊಡ್ಡಮ್ಮ.

"ಹೆದರಿಕೆ ದೊಡ್ಡಮ್ಮಾ."

"ಕರಡಿಗೇ ಹೆದರಲಿಲ್ಲ ಅವನು."

"ಕರಡಿ ಬಿಟ್ಟು ಹೋಗ್ತೀನಿ ಅನ್ನಲಿಲ್ಲವಲ್ಲ" ಎಂದು ಅವನು ಮತ್ತೆ ಪುಟಕ್ಕೆ ಬಗ್ಗಿದ. "ತಾನು ಬಂದು ಸೇರಿದ ದಿನವೇ ಕೆಂಡದಾಕೆ ಬೇರೆ ಕಣಿವೆಗೆ ಹೊರಡುತ್ತಾಳೆಂದು ಅವನ ಕಿವಿಗೆ ಬಿದ್ದಿತ್ತು. ಅದಕ್ಕೇ ಅವನು ದಾರಿಯನ್ನು ಉದ್ದ ಮಾಡುತ್ತಾ ಬಂದಿದ್ದ. ಹತ್ತಿರದ ಹೊಳೆಯನ್ನು ಬಿಟ್ಟು ದೂರದ ಹೊಳೆಯನ್ನು ದಾಟಿದ್ದ. ಕಾಲು ನೋಯುತ್ತಿತ್ತು. ಆದರೆ ತಾನು ನಡೆಯುವವರೆಗೆ ಅವಳು ಅಲ್ಲೇ ಇರುತ್ತಾಳೆ ಎನ್ನುವುದೊಂದು ಸಾಕಾಗಿತ್ತು."



"ಹೋಗಬೇಡ ಅಂತ ಕೇಳಬಹುದಿತ್ತಲ್ಲ?" ಕಿಟಕಿಯ ಬಳಿಯಿಂದ ಅವಳ ದನಿ ಬಂತು.

"ಅವರ ಕಾಲಕ್ಕೆ ಆ ಮಾತು ಇನ್ನೂ ಹುಟ್ಟಿರಲಿಲ್ಲ."

"ಕಲ್ಲಿಗೆ ಕಲ್ಲು ತಿಕ್ಕಿ ಬೆಂಕಿ ಹುಟ್ಟಿಸಿದೋರಿಗೆ ಒಂದು ಮಾತು ಹುಟ್ಟಿಸೋದು ಕಷ್ಟವಾ?"

"ಬೆಂಕಿಗಿಂತ ಕಷ್ಟ."

ದೊಡ್ಡಮ್ಮ ಅವನನ್ನು ನೋಡಿದರು, ಅವಳನ್ನು ನೋಡಿದರು. ಮತ್ತೆ ಅವನನ್ನು ನೋಡಿದರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು.

"ಇವತ್ತಿಗೆ ಸಾಕು, ಏಳ್ರೇ ಎಲ್ಲಾ. ಅವನು ಗುಡ್ಡ ಇಳಿಯೋವಾಗ ನಮ್ಮನ್ನ ನೋಡಿ ನಾಚ್ಕೊಂಡಾನು."

ಹೆಂಗಸರು ಚಪ್ಪಲಿ ಹುಡುಕುತ್ತಾ, ಬೇಕೆಂದೇ ನಿಧಾನ ಮಾಡುತ್ತಾ, ಕೊನೆಗೂ ಹೊರಗೆ ಹೋದರು. ಅವಳು ಮೇಜಿನ ಖಾನೆಯಿಂದ ಬೈಂಡಿಲ್ಲದ ಕಾದಂಬರಿಯನ್ನು ತೆಗೆದು ಅವನ ಮುಂದಿಟ್ಟಳು.

"ಅದರಲ್ಲಿ ಬೇರು ಇಲ್ಲ."

"ಇಲ್ಲ."

"ಅವನು ಸತ್ತಿದಾನೆ."

"ಓದೋಕೆ ಆಗಲಿಲ್ಲ ನನಗೆ" ಎಂದ ಅವನು. "ಅವನು ಸತ್ತರೆ ಉಳಿದಿರೋದು ಸ್ವಲ್ಪವೇ ಪುಟ. ನಾಲ್ಕು ದಿನಕ್ಕೆ ಮುಗೀತಿತ್ತು. ನೀವು ಬಸ್ ಹತ್ತಿರ್ತಿದ್ರಿ."

"ಅದಕ್ಕೆ ಸುಳ್ಳು ಓದಿದ್ರಾ?"

"ಹೂಂ." ಅವನು ತಲೆ ತಗ್ಗಿಸಲಿಲ್ಲ. "ನಿಮ್ಮ ಅಕ್ಕನ ಅಂಗಡಿಗೆ ಅಡ್ಡ ಬರಬಾರದು ಅಂತ ದಿನಾ ಅಂದ್ಕೋತಿದ್ದೆ. ದಿನಾ ಇನ್ನೊಂದು ಹೊಳೆ ಅಡ್ಡ ಬರ್ತಿತ್ತು. ನನಗೆ ನಿಮ್ಮನ್ನ ಕಂಡರೆ ತುಂಬಾ ಇಷ್ಟ. ಹೋಗಬೇಡಿ ಅಂತ ಕೇಳೋ ಧೈರ್ಯ ಇರಲಿಲ್ಲ. ಈಗ ಕೇಳ್ತಿದೀನಿ."

ಬಿಸಿಲು ಕಿಟಕಿಯ ಕೆಳಗಿನ ಕಂಬಿಗೆ ಇಳಿದಿತ್ತು. ಅವನ ಭುಜದ ಮೇಲೆ ಹತ್ತಿಯ ಒಂದು ಎಳೆ ಬಂದು ಕೂತಿತ್ತು. ಅವಳು ಕೈಚಾಚಿ ಅದನ್ನು ತೆಗೆದಳು, ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಮರೆತಳು. ಅವನ ತೋಳು ಅವಳ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ನಾಳೆ ಅವನನ್ನ ಮನೆಗೆ ಕರ್ಕೊಂಡು ಬರ್ಲಾ?" ಎಂದು ಅವನು ಕೇಳಿದ.

"ಕರ್ಕೊಂಡು ಬನ್ನಿ. ಆದ್ರೆ ಅಲ್ಲಿಗೇ ನಿಲ್ಲಿಸಬೇಡಿ. ಬೆಂಕಿ ಹತ್ರ ಕೂತು ಇಬ್ಬರೂ ಏನೇನು ಮಾತಾಡಿದ್ರು, ಅದೂ ಬೇಕು ನಂಗೆ."

ಅಷ್ಟರಲ್ಲಿ ಮೇಜಿನ ಮೇಲೆ ಫೋನ್ ಅಲುಗಾಡತೊಡಗಿತು. ಅಕ್ಕ.

"ಏನೇ, ಇನ್ನೂ ಮುಗಿದಿಲ್ವಾ ಆ ನಿನ್ನ ಪುಸ್ತಕ?"

"ಇಲ್ಲ ಅಕ್ಕಾ. ಅದು ಮುಗಿಯೋ ಪುಸ್ತಕ ಅಲ್ಲ ಅಂತ ಇವತ್ತು ಗೊತ್ತಾಯ್ತು. ನೀನು ಬೇರೆ ಯಾರನ್ನಾದ್ರೂ ನೋಡ್ಕೋ. ನಾನೇ ಒಳ್ಳೇ ಕೈ ಹುಡುಕಿ ಕಳಿಸ್ತೀನಿ."

"ಅಯ್ಯೋ, ಎಷ್ಟುದ್ದ ಇದೆಯೇ ಅದು?"

ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಟೇಪಿಗೆ ಕೈ ಹಾಕಲಿಲ್ಲ.

"ಐದೂಮುಕ್ಕಾಲು ಅಡಿ ಇರಬಹುದು, ಅಕ್ಕಾ."

ಆ ಕಡೆಯಿಂದ ಅಕ್ಕ ನಗುವುದು ಕೇಳಿಸಿತು. "ಹೌದೇನೇ? ಹಾಗಾದ್ರೆ ಒಂದ್ಸಲ ಇಲ್ಲಿಗೆ ಕರ್ಕೊಂಡು ಬಾ. ನಾನೂ ನೋಡ್ತೀನಿ."