ಅಮಾವಾಸ್ಯೆಯಂದು ಅಳೆದ ಬೀದಿ

"ರೀ, ಆ ಬಣ್ಣದ ಡಬ್ಬಿ ಕೆಳಗಿಡ್ರೀ! ಪಾವಿನ ಮೇಲೆ ಒಂದೇ ಒಂದು ತೊಟ್ಟು ಬಿದ್ರೂ ಸುಮ್ನಿರಲ್ಲ ನಾನು!"

ಇಂದುಜಾ ಕಿರುಚಿದ ರಭಸಕ್ಕೆ ತಮಿಳುನಾಡಿನ ವೆಳ್ಳಕೋಯಿಲ್ ಪಕ್ಕದ ಆ ನೇಕಾರರ ಬೀದಿಯ ಕಾಗೆಗಳೆಲ್ಲ ಕರೂರಿಗೇ ಹಾರಿಹೋಗಿರಬೇಕು!

ಭಾನುವಾರ ಬೆಳಗಿನ ಎಳೆಬಿಸಿಲು. ರಜೆಗೆ ಊರಿಗೆ ಬಂದಿದ್ದಳು ಇಂದುಜಾ. ಬೀದಿಯುದ್ದಕ್ಕೂ ಪಾವು, ಅಂದರೆ ಹಾಸಿನ ನೂಲು, ಚಾಚಿತ್ತು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಹೀಗೆ ಕಂಬದಿಂದ ಕಂಬಕ್ಕೆ ಎಳೆದು ಕಟ್ಟಿ, ಗಂಜಿ ಬಳಿದು ಒಣಗಿಸುತ್ತಾರೆ. ಅದರ ಪಕ್ಕದಲ್ಲೇ ಒಬ್ಬ ಯುವಕ ರಸ್ತೆಯ ನಡುವಿಗೆ ಹಳದಿ ಗುರುತು ಹಾಕುತ್ತಿದ್ದ.

ಅವನು ತಲೆ ಎತ್ತಿದ. ಕಣ್ಣುಗಳೋ, ಮದುವೆ ಮನೆಯ ಎರಡು ದೀಪ! ಇಂದುಜಾಳಿಗೆ ಅರ್ಧ ಕ್ಷಣ ಬೈಗುಳವೇ ಮರೆತುಹೋಯಿತು. ಅರ್ಧವೇ ಕ್ಷಣ...

"ನಾನು ಪ್ರಣವ್, ಸರ್ವೆ ಇಂಜಿನಿಯರ್. ಊರು ತುಮಕೂರು. ಇಲ್ಲಿ ಡಿವೈಡರ್ ಗೋಡೆ ಬರುತ್ತೆ ಮೇಡಂ, ಅದಕ್ಕೇ ಗುರುತು. ಡಿಸೈನ್ ಮಾಡಿದ್ದು ಕೋಯಮತ್ತೂರು ಆಫೀಸಿನ ಇಂದುಜಾ ಅನ್ನೋರು. ನಾನು ಅವರ ಮುಖಾನೂ ನೋಡಿಲ್ಲ. ಬೈಯೋದಿದ್ರೆ ಅವರಿಗೇ ಬೈರಿ!"

ಬೀದಿಯ ಕಣ್ಣುಗಳೆಲ್ಲ ಇಂದುಜಾಳ ಮೇಲೆ ಬಿದ್ದವು.

ತಾಯಿಯಿಲ್ಲದ ಇಂದುಜಾಳನ್ನು ಸಾಕಿದ ಕನ್ನಿಯಮ್ಮಾಳ್ ಅತ್ತೆ, ಗಂಜಿಯ ಕೈ ಸೀರೆಗೆ ಒರೆಸಿಕೊಂಡು ತಿರುಗಿದಳು.

"ಏನ್ ಕಣ್ಣೂ... ನೀನಾ?"

ಹೌದು, ಆ ಇಂದುಜಾ ಅವಳೇ. ಅವಳ ಮೊದಲ ಕೆಲಸ ಅದು. ಆಫೀಸಿನಲ್ಲಿ ಕೊಟ್ಟಿದ್ದು ರಸ್ತೆಯ ಒಂದು ತುಂಡು. ಕಂಪ್ಯೂಟರಿನ ಮೇಲೆ ಬರೀ ಗೆರೆ, ಕಿಲೋಮೀಟರಿನ ಸಂಖ್ಯೆ. ಊರಿನ ಹೆಸರಿಲ್ಲ, ಮನೆಯವರ ಹೆಸರಿಲ್ಲ. ನೇರವಾಗಿ, ಖಾಲಿಯಾಗಿ, ಎಷ್ಟು ಚೆಂದವಿತ್ತು ಆ ಗೆರೆ! ನಡುವೆ ಗೋಡೆ ಎಳೆದು ಹೆಮ್ಮೆಪಟ್ಟಿದ್ದಳು.

"ನೀವು ಕೊಟ್ಟ ಸರ್ವೆಯಲ್ಲಿ ಪಾವಿನ ಕಂಬ ಒಂದೂ ಇರಲಿಲ್ಲವಲ್ಲ!" ಎಂದು ಪ್ರಣವ್‌ನ ಮೇಲೆ ಹರಿಹಾಯ್ದಳು.

"ನಾನು ಬಂದ ದಿನ ಇಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಎಲ್ಲರೂ ಮನೆ ತೊಳೀತಿದ್ರು..."

ಅತ್ತೆ ಹಣೆ ಚಚ್ಚಿಕೊಂಡಳು. "ಅಮಾವಾಸೆ ದಿನ ಬಂದಿದ್ದೀಯಾ ತಂಬಿ! ಅವತ್ತು ಯಾವ ನೇಕಾರನ ಮನೇಲಿ ತರಿ-ಮಗ್ಗ ಓಡುತ್ತೆ? ಕಂಬಾನೂ ಕಿತ್ತು ಒಳಗೆ ಇಟ್ಟಿರ್ತೀವಲ್ಲಪ್ಪಾ!"

"ಒಬ್ಬರನ್ನಾದ್ರೂ ಕೇಳಬೇಕು ಅನ್ನಿಸಲಿಲ್ವಾ ನಿಮಗೆ?" ಇಂದುಜಾ ರೇಗಿದಳು.

"ನಿಮಗೆ ನಿಮ್ಮ ಬೀದೀನೇ ಗುರುತು ಸಿಗಲಿಲ್ವಲ್ಲ ಮೇಡಂ!"

ಅಯ್ಯೋ! ಆ ಮಾತು ಎದೆಗೇ ನಾಟಿತು...

ಗೋಡೆ ಬಂದರೆ ಪಾವು ಚಾಚಲು ಜಾಗವಿಲ್ಲ. ಪಾವಿಲ್ಲದೆ ಇಡೀ ಬೀದಿಯ ಮಗ್ಗಗಳು ಮೂಕ. ಮಧ್ಯಾಹ್ನ ಅತ್ತೆ ಅನ್ನ ಬಡಿಸಿ ಒಂದೇ ಮಾತು ಹೇಳಿದಳು. "ನಿನ್ನ ಓದಿಸಿದ್ದು ಈ ಪಾವೇ ಕಣ್ಣೂ." ಬೈದಿದ್ದರೆ ಇಂದುಜಾಳಿಗೆ ಹಗುರವಾಗುತ್ತಿತ್ತು.

ಸೋಮವಾರ ಆಫೀಸಿನಲ್ಲಿ ಅವಳು ಗೋಡೆ ತೆಗೆಯಬಹುದೇ ಎಂದು ಕೇಳಿದಾಗ ಮುಖ್ಯಸ್ಥ ರಾಮಮೂರ್ತಿ ಕನ್ನಡಕದ ಮೇಲಿಂದ ನೋಡಿದರು.

"ಡಿಸೈನ್ ಒಪ್ಪಿಗೆಗೆ ಹೋಗಿಬಿಟ್ಟಿದೆ. ವಾಪಸ್ ತರಿಸಬೇಕಂದ್ರೆ ತಪ್ಪು ಯಾರದು ಅಂತ ಒಬ್ಬರು ಒಪ್ಕೋಬೇಕು. ಒಪ್ಕೊಂಡವರ ಕೆಲಸ ಉಳಿಯೋದು ಕಷ್ಟ. ಈಗ ತಾನೇ ಸೇರಿದ್ದೀಯ... ಯೋಚನೆ ಮಾಡಮ್ಮ."

ಅವಳು ಹೆದರಿದಳು. ತಪ್ಪು ಒಪ್ಪಿಕೊಳ್ಳದೆ ಹೊರಗೆ ಬಂದಳು.

ಮುಂದಿನ ಭಾನುವಾರ ಊರಿಗೆ ಹೋದರೆ, ಪ್ರಣವ್ ಅಲ್ಲೇ ಇದ್ದ! ಪ್ಯಾಂಟು ಮಡಚಿಕೊಂಡು ಕಂಬಗಳನ್ನು ಒಂದೊಂದಾಗಿ ಅಳೆಯುತ್ತಿದ್ದ. ಅತ್ತೆ ಅವನ ಕೈಗೆ ಪಾವಿನ ತುದಿ ಕೊಟ್ಟಿದ್ದಳು.

"ಗಟ್ಟಿಯಾ ಹಿಡಿ ತಂಬಿ! ಹೆಂಡತಿ ಕೈ ಹಿಡಿದ ಹಾಗೆ!"

"ಹೆಂಡತಿ ಇಲ್ಲ ಅತ್ತೆ..."

"ಅದಕ್ಕೇ ಈ ಕೈ ಹಿಂಗೆ ನಡುಗುತ್ತೆ!"

ಬೀದಿಯೆಲ್ಲ ನಕ್ಕಿತು. ಪ್ರಣವ್‌ನ ಕಿವಿ ಎಷ್ಟು ಕೆಂಪಾಯಿತೆಂದರೆ ಅದರಲ್ಲಿ ಒಂದು ಸೀರೆಗೆ ಬಣ್ಣ ಅದ್ದಬಹುದಿತ್ತು. ಇಂದುಜಾಳಿಗೆ ಮಾತ್ರ ಅಳು ಬಂತು.

"ನಾನು ಹೆದರಿಬಿಟ್ಟೆ ಪ್ರಣವ್. ನನ್ನದೇ ತಪ್ಪು ಅಂತ ಬಾಯಿ ಬಿಡೋಕಾಗಲಿಲ್ಲ."

"ಬಾಯಿ ಬಿಡಬೇಡಿ," ಎಂದಷ್ಟೇ ಹೇಳಿ ಅವನು ಅವಳನ್ನೇ ನೋಡಿದ. ಬಹಳ ಹೊತ್ತು...

ಅದಾದ ಮೇಲೆ ಅವನ ಫೋನು ಸ್ವಿಚ್ ಆಫ್. ಸೈಟಿನಲ್ಲೂ ಇಲ್ಲ. ರೂಮು ಖಾಲಿ ಮಾಡುತ್ತಿದ್ದಾನೆ ಎಂದರು ಯಾರೋ.

'ತಪ್ಪು ತನ್ನ ತಲೆಗೆ ಬರುತ್ತೆ ಅಂತ ಓಡಿಹೋಗ್ತಿದ್ದಾನೆ! ಇಂಥವನಿಗಾ ನಾನು ಮನಸ್ಸು ಕೊಟ್ಟಿದ್ದು?'

ಆ ದಿನ ಅವಳು ಸುರಿಸಿದ ಕಣ್ಣೀರು ನೊಯ್ಯಲ್ ನದಿಗೆ ಸೇರಿದ್ದರೆ ತಿರುಪ್ಪೂರು ಸೇತುವೆ ಮುಳುಗಿಯೇ ಹೋಗುತ್ತಿತ್ತು. ಅತ್ತು ಮುಗಿಸಿ, ಮುಖ ತೊಳೆದು, ನೇರವಾಗಿ ರಾಮಮೂರ್ತಿಯವರ ಮುಂದೆ ನಿಂತಳು. ಯಾರು ಓಡಿದರೇನು, ಬೀದಿ ತನ್ನದಲ್ಲವೇ?

"ತಪ್ಪು ನನ್ನದು ಸರ್. ಜಾಗ ನೋಡದೇ ಗೋಡೆ ಎಳೆದೆ. ಕೆಲಸದಿಂದ ತೆಗೆದ್ರೂ ಸರಿ, ಡಿಸೈನ್ ವಾಪಸ್ ತರಿಸಿ."

ರಾಮಮೂರ್ತಿ ಮೇಜು ಗುದ್ದಿದರು. "ಏನಮ್ಮಾ ಇದು ಹಿಂಸೆ! ನಿನ್ನೆ ಪ್ರಣವ್ ಬಂದು ತಪ್ಪೆಲ್ಲ ನನ್ನದೇ ಅಂದ. ಕೆಲಸ ಬಿಡಿಸಿದ್ದೂ ಆಯ್ತು, ಡಿಸೈನ್ ವಾಪಸ್ ತರಿಸಿದ್ದೂ ಆಯ್ತು. ಈಗ ನೀನು! ಇನ್ನೂ ಹುಟ್ಟದ ಗೋಡೆಗೆ ಎಷ್ಟು ಜನ ಅಪ್ಪಂದಿರು?"

ಹಾಗಾದರೆ ಅವನು ಓಡಿಹೋದವನಲ್ಲ!

"ಗೋಡೆ... ಬರಲ್ವಾ ಸರ್?"

"ಮತ್ತೆ ಅಳೀತಾರೆ. ಏನಾಗುತ್ತೋ ನನಗೂ ಗೊತ್ತಿಲ್ಲ. ನಿನ್ನ ಕೆಲಸದ ವಿಷಯ ಮೇಲಿನವರು ಹೇಳ್ತಾರೆ. ಅವನು ಮೈಸೂರು ಬಸ್ಸಿಗೆ ಹೋದ, ಈಗ ತಾನೇ..."

ಗಾಂಧಿಪುರಂ ಬಸ್ ಸ್ಟ್ಯಾಂಡಿಗೆ ಇಂದುಜಾ ಓಡಿದ ಓಟಕ್ಕೆ ಆಟೋಗಳೇ ದಾರಿ ಬಿಟ್ಟವು! ಬಸ್ಸಿನ ಮೆಟ್ಟಿಲ ಮೇಲೆ ಬ್ಯಾಗು ಹಿಡಿದು ನಿಂತಿದ್ದ ಪ್ರಣವ್.

"ನನ್ನ ತಪ್ಪು ಕದ್ದುಕೊಂಡು ಎಲ್ಲಿಗೆ ಹೊರಟ್ರಿ?"

ಅವನು ಬೆಚ್ಚಿದ. "ಇಂದುಜಾ... ನಿಮಗೆ ಇದು ಮೊದಲ ಕೆಲಸ. ನನಗೆ ಇನ್ನೊಂದು ಸಿಗುತ್ತೆ. ಹೇಳಿ ಹೋದ್ರೆ ನೀವು ಬಿಡ್ತಿರಲಿಲ್ಲ."

"ನಾನೂ ಒಪ್ಕೊಂಡು ಬಂದೆ. ನನ್ನದೇ ತಪ್ಪು ಅಂತ."

"ಅಯ್ಯೋ, ಯಾಕ್ರೀ?"

"ನನ್ನ ಬೀದಿ ಅದು! ನೀವೊಬ್ಬರೇ ಹೊತ್ಕೊಂಡು ಹೋದ್ರೆ ನಾನು ಅತ್ತೆ ಮುಖ ಹೇಗೆ ನೋಡಲಿ?"

"ಏರ್ರೀಂಗಳಾ ಇಲ್ಲೀಂಗಳಾ?" ಹತ್ತುತ್ತೀರೋ ಇಲ್ಲವೋ ಎಂದು ಗದರಿ ಕಂಡಕ್ಟರ್ ಸೀಟಿ ಊದಿದ.

ಇಂದುಜಾ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು. "ಗೋಡೆ ಬರುತ್ತೋ ಇಲ್ವೋ ಗೊತ್ತಿಲ್ಲ. ಕೆಲಸ ಇರುತ್ತೋ ಇಲ್ವೋ, ಅದೂ ಗೊತ್ತಿಲ್ಲ. ತುಂಬಾ ಭಯ ಆಗ್ತಿದೆ ಪ್ರಣವ್... ಈ ಭಯದಲ್ಲಿ ನೀವು ಪಕ್ಕದಲ್ಲಿರಬೇಕು. ಅದೊಂದು ಮಾತ್ರ ಗೊತ್ತು ನನಗೆ."

ಬಸ್ಸು ಹೊರಟಿತು. ಪ್ರಣವ್ ಕೆಳಗಿದ್ದ. ಯಾವಾಗ ಇಳಿದನೋ ಅವನಿಗೇ ತಿಳಿಯದು.

"ಇಂದುಜಾ..."

"ಹ್ಞೂಂ?"

"ಈ 'ನೀವು' ಅನ್ನೋದು ಬಿಡ್ತೀಯಾ?"

ಅವಳು ಕಣ್ಣೊರೆಸಿಕೊಂಡಳು. "ಬಿಡ್ತೀನಿ ಕಣೋ... ಆದ್ರೆ ಅತ್ತೆ ಮುಂದೆ ಅಲ್ಲ!"