ಮಿಸ್‌ಗೆ ಕಳಿಸಿದ ಫಿಲ್ಮ್

"ಲೂಪೆ, ನಿಲ್ಲಿಸೇ! ನನ್ನ ಲೆಕ್ಕ ಮತ್ತೆ ನಿಂತೋಯ್ತು!" ಮನಾಸೆ ಕಿರುಚಿದ.

"ನಂದೂ!"

"ನಂದೂ ಮಿಸ್!"

ಟೋಂಗಾದ ಎಉವಾ ದ್ವೀಪದ ಶಾಲೆಯ ಕಂಪ್ಯೂಟರ್ ರೂಮಿನಲ್ಲಿ ಗಲಾಟೆಯೋ ಗಲಾಟೆ.

ಲೂಪೆ ತನ್ನ ಫಿಲ್ಮನ್ನು ಮಿಸ್ ಕಂಪ್ಯೂಟರಿಗೆ ಕಳಿಸುತ್ತಿದ್ದಳು. ಅಜ್ಜಿ ಮರದ ತೊಗಟೆ ಬಡಿದು ಬಟ್ಟೆ ಮಾಡುವುದನ್ನು ಅವಳೇ ಫಿಲ್ಮ್ ತೆಗೆದಿದ್ದಳು. ಸಂಜೆ ಊರವರೆಲ್ಲ ನೋಡಲು ಬರುವವರಿದ್ದರು. ಅಜ್ಜಿಯಂತೂ ಅಲ್ಲಿಯ ರೂಢಿಯಂತೆ ಬೆಳಗ್ಗೆಯೇ ಹಬ್ಬದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಕೂತಿದ್ದಳು.

"ರೋಡಿಗೆ ಅಡ್ಡ ಮಲಗೋ ಹಂದಿ ಕಣೇ ನೀನು!" ಎಂದ ಮನಾಸೆ. ಎಲ್ಲರೂ ನಕ್ಕರು.

"ಈಗ ಬೇಡ ಲೂಪೆ," ಎಂದರು ಅಕೋಸಿತಾ ಮಿಸ್. "ಎಲ್ಲರ ಕೆಲಸ ಮುಗೀಲಿ. ಟೈಮ್ ಉಳಿದ್ರೆ ನೋಡೋಣ."

ಲೂಪೆಗೆ ಅಳು ಬಂತು. ಯಾರಿಗೂ ಕಾಣದಿರಲಿ ಎಂದು ಗೋಡೆಯ ಕಡೆ ತಿರುಗಿದಳು. ಅಲ್ಲಿ ಎಲ್ಲ ವಯರುಗಳೂ ಬಂದು ಸೇರುವ ಹಳೆಯ ಡಬ್ಬಿಯಿತ್ತು. ಅದರ ಹಸಿರು ದೀಪಗಳೆಲ್ಲ ಒಟ್ಟಿಗೇ ಪಟಪಟ ಮಿನುಗುತ್ತಿದ್ದವು. ಅವಳು ಕಳಿಸುವುದನ್ನು ನಿಲ್ಲಿಸಿದಳು. ದೀಪಗಳು ತಣ್ಣಗಾದವು. ಮತ್ತೆ ಕಳಿಸಿದಳು. ಮತ್ತೆ ಎಲ್ಲವೂ ಪಟಪಟ!

"ಮಿಸ್, ನಾನು ಕಳಿಸ್ತಿರೋದು ನಿಮಗೊಬ್ಬರಿಗೇ ಅಲ್ವಾ? ಮತ್ತೆ ಎಲ್ಲರ ದೀಪಾನೂ ಯಾಕೆ ಮಿನುಗುತ್ತೆ?"

ಮಿಸ್ ಬಂದು ನೋಡಿದರು. "ಈ ಹಬ್ ಡಬ್ಬಿಗೆ ಯಾರಿಗೆ ಏನು ಬಂತು ಅಂತ ಗೊತ್ತಾಗಲ್ಲ ಕಣೇ. ಒಬ್ಬರದನ್ನ ಎಲ್ಲರಿಗೂ ಕಳಿಸುತ್ತೆ. ಅದು ಮುಗಿಯೋವರೆಗೆ ಉಳಿದೋರು ಕಾಯಬೇಕು." ಲೂಪೆಯ ಕಡೆ ತಿರುಗಿ, "ತಪ್ಪು ನಿಂದಲ್ಲ. ನಾನು ಮೊದಲೇ ನೋಡಬೇಕಿತ್ತು," ಎಂದರು.

ಹಬ್ ಬದಲಿಗೆ ಹಾಕಲು ಹಡಗಿನಲ್ಲಿ ಬಂದ, ಸ್ವಿಚ್ ಎಂಬ ಹೊಸ ಡಬ್ಬಿ ಕಪಾಟಿನಲ್ಲೇ ಇತ್ತು. ಹಳೆಯದು ಕೆಟ್ಟ ಮೇಲೆ ಹಾಕಿದರಾಯಿತು ಎಂದು ಮಿಸ್ ಇಟ್ಟಿದ್ದರು. ಲೂಪೆ ಒಂದೊಂದೇ ವಯರು ಕಿತ್ತುಕೊಟ್ಟಳು. ಮಿಸ್ ಸ್ವಿಚ್ಚಿಗೆ ಸಿಕ್ಕಿಸಿದರು.

"ಯಾವ ವಯರಿನ ಕೊನೇಲಿ ಯಾರಿದ್ದಾರೆ ಅಂತ ಇದು ಗುರುತಿಟ್ಕೊಳ್ಳುತ್ತೆ. ನಂದು ನನಗೇ ಬರುತ್ತೆ. ಹೂಂ, ಕಳಿಸು."

ಲೂಪೆ ಮತ್ತೆ ಕಳಿಸಿದಳು. ಅವಳ ದೀಪ, ಮಿಸ್ ದೀಪ ಮಾತ್ರ ಒಂದೇ ಸಮನೆ ಪಟಪಟ ಎಂದವು. ಯಾರೂ ಕೂಗಲಿಲ್ಲ. ಮನಾಸೆ ತಲೆಯೆತ್ತದೆ ಲೆಕ್ಕ ಮಾಡುತ್ತಿದ್ದ. ಫಿಲ್ಮ್ ಪೂರ್ತಿ ಹೋಗಿ ಸೇರಿತು.

ಆಮೇಲೆ, ಎಲ್ಲರ ಲೆಕ್ಕ ಅಚ್ಚುಹಾಕುತ್ತಿದ್ದ ಮೂಲೆಯ ಪ್ರಿಂಟರ್ ಇದ್ದಕ್ಕಿದ್ದಂತೆ ನಿಂತಿತು.

"ಮನಾಸೆ, ಏನ್ ಮಾಡ್ದೋ?" ಎಂದು ಮಕ್ಕಳು ಕೂಗಿದರು.

"ಅವನೇ ಮಿಸ್, ಕೊನೇಲಿ ಮುಟ್ಟಿದ್ದು!"

"ನಾ... ನಾನೇನೂ ಮಾಡಿಲ್ಲ," ಎಂದ ಮನಾಸೆ. ಅವನ ಕಿವಿ ಕೆಂಪಾಯಿತು. ಈಗ ಲೂಪೆ ಏನೆನ್ನುತ್ತಾಳೋ ಎಂದು ಎಲ್ಲರೂ ಅವಳತ್ತ ನೋಡಿದರು.

ಅವಳ ನಾಲಿಗೆಯ ತುದಿಗೆ ಅದೇ ಹಂದಿಯ ಮಾತು ಬಂದೇಬಿಟ್ಟಿತ್ತು. ಮನಾಸೆಯ ಮುಖ ನೋಡಿದಳು. ಅದನ್ನು ನುಂಗಿಕೊಂಡು ಎದ್ದುಹೋಗಿ ಪ್ರಿಂಟರಿನ ಟ್ರೇ ಎಳೆದಳು.

"ಪೇಪರ್ ಮುಗಿದಿದೆ, ಅಷ್ಟೇ," ಎಂದಳು.