ಬಂದವರು ತಾಳ ಹಾಕಬೇಕು

ನನಗೆ ಹದಿನೇಳು ತುಂಬಿದ ವರ್ಷ, ಬೇಗೂರಿನ ನಮ್ಮ ಮನೆಯ ಜಗಲಿಯ ಮೇಲೆ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪನಿಗೆ ಮಾತು ಕೊಟ್ಟೆ: ಇನ್ನು ಚರ್ಮದ ವಾದ್ಯ ಮುಟ್ಟುವುದಿಲ್ಲ.

ಅಕ್ಕನ ಮದುವೆಯಲ್ಲಿ ಓಲಗದವರು ಊಟಕ್ಕೆ ಎದ್ದಾಗ ಅವರ ಡೋಲು ಎತ್ತಿಕೊಂಡು ಬಾರಿಸಿಬಿಟ್ಟಿದ್ದೆ. ಗಂಡಿನ ಕಡೆಯವರು ಕೈ ತೊಳೆಯುವುದು ಬಿಟ್ಟು ನೋಡಿದರು. ಇಬ್ಬರು ಕುಣಿದರು ಕೂಡ. ಅಪ್ಪ ಮರಿಮಲ್ಲಪ್ಪ ಕುಣಿಯಲಿಲ್ಲ. ಡೋಲು ಹೊಡೆಯೋ ಹೆಣ್ಣನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಎಂದರು. ಹಾಡು ಬೇಕಾದರೆ ಕಲಿ ಎಂದರು.

ಹಾಡು ಕಲಿತೆ. ಮದುವೆಯಾದೆ. ಮಗಳು ಮಧುಶ್ರೀಗೆ ಎಂಟಾದಾಗ ಅವಳಪ್ಪ ತೀರಿಕೊಂಡ, ತವರಿಗೆ ಬಂದೆ. ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಸಂಗೀತದ ಟೀಚರ್ ಆದೆ. ಹತ್ತೊಂಬತ್ತು ವರ್ಷ ಮಾತು ಉಳಿಸಿಕೊಂಡಿದ್ದೆ.

ಜೂನಿನಲ್ಲಿ ಚಂದ್ರಕುಮಾರ್ ಬಂದರು.

ತಾಳವಾದ್ಯಕ್ಕೆ ಗೆಸ್ಟ್ ಟೀಚರ್ ಬರುತ್ತಾರೆ ಅಂತ ಗೊತ್ತಿತ್ತು. ಬಂದಿದ್ದಾರೆ ಅಂತ ಗೊತ್ತಾಗಿದ್ದು ಪಕ್ಕದ ರೂಮಿನ ಗಲಾಟೆಯಿಂದ. ಬೈಯಲೆಂದೇ ಹೋದೆ. ಒಂಬತ್ತನೇ ಕ್ಲಾಸಿನವರು ಬಕೆಟ್ಟು, ಟೊಮ್ಯಾಟೊ ಕ್ರೇಟು, ಬೆಂಚು ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದರು. ಬೋರ್ಡಿನ ಮುಂದೆ ಯಾರೂ ಇಲ್ಲ. ಮೂಲೆಯಲ್ಲಿ ಒಬ್ಬರು ಮುರಿದ ಬೆಂಚಿನ ಕಾಲು ಹಿಡಿದು ನೆಲದ ಮೇಲೆ ಕೂತಿದ್ದರು. ಬಡಗಿ ಅಂದುಕೊಂಡೆ. ನಿಮ್ಮ ರಿಪೇರಿ ಆಮೇಲೆ ಮಾಡ್ಕೊಳಿ, ಇವರ ಮೇಷ್ಟ್ರೆಲ್ಲಿ ಅಂತ ಕೇಳಿದೆ.

ಅದೇ ಕ್ಲಾಸಿನಲ್ಲಿದ್ದ ಮಧುಶ್ರೀ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಅವರು ನಿಧಾನವಾಗಿ ಎದ್ದು ಪ್ಯಾಂಟಿನ ಧೂಳು ಕೊಡವಿದರು. "ಇಲ್ಲಿ ಒಂದೇ ರೂಲು ಮೇಡಂ. ಬಂದವರು ತಾಳ ಹಾಕಬೇಕು. ನೋಡೋರಿಗೆ ಜಾಗ ಇಲ್ಲ."

"ಪಾಠ ಯಾವಾಗ ಮಾಡ್ತೀರಿ?"

"ಇವರಿಗೆ ಬೇಕು ಅನ್ನಿಸಿದಾಗ ಅಲ್ವಾ?"

ಕೋಪಕ್ಕೆ ಎರಡು ಚಪ್ಪಾಳೆ ತಟ್ಟಿ ಹೊರಟುಬಂದೆ. ನನ್ನ ಬೆನ್ನ ಹಿಂದೆ ಕ್ಲಾಸು ಆ ಎರಡು ಚಪ್ಪಾಳೆಯನ್ನೇ ಎತ್ತಿಕೊಂಡಿತು. ಪೀರಿಯಡ್ ಮುಗಿಯುವವರೆಗೂ ಗೋಡೆಯಾಚೆ ನನ್ನ ಕೋಪ ಎಂಟು ಮಾತ್ರೆಯಲ್ಲಿ ಕೇಳಿಸುತ್ತಿತ್ತು.

ಅವರ ಹೋಮ್‌ವರ್ಕೂ ಹಾಗೇ. ಊರಿನಿಂದ ಒಂದು ಸದ್ದು ತನ್ನಿ, ಅದನ್ನು ಪಕ್ಕದವರಿಗೆ ಕಲಿಸಿ. ಸಾಗರ್ ಅನ್ನುವ ಹುಡುಗ ಕಂಡಕ್ಟರ್ ಬಸ್ಸಿನ ತಗಡು ತಟ್ಟುವುದನ್ನು ತಂದ. ಒಬ್ಬಳು ಈರುಳ್ಳಿ ಮಂಡಿಯಲ್ಲಿ ಜರಡಿ ಹಿಡಿಯುವ ಸದ್ದು ತಂದಳು. ನನ್ನ ಮಗಳು ತಂದದ್ದು ಅವಳ ಅಜ್ಜನ ಕೋಲಿನ ನಡಿಗೆ. ಮಂಡಿನೋವಿನಿಂದ ಅಪ್ಪ ಮೂರು ಹೆಜ್ಜೆ ಇಟ್ಟು, ನಿಂತು, ಮತ್ತೆ ಎರಡು ಇಡುತ್ತಾರೆ. ಐದರ ಲೆಕ್ಕ ಅಂತ ಮಕ್ಕಳೇ ಕಂಡುಹಿಡಿದರು. ಚಂದ್ರಕುಮಾರ್ ಅದಕ್ಕೊಂದು ಹೆಸರು ಮಾತ್ರ ಹೇಳಿದರಂತೆ: ಖಂಡ.

ನಾನು ಆರು ವರ್ಷ ಬೋರ್ಡಿನ ಮೇಲೆ ಬರೆದು ಉರುಹೊಡೆಸಿದ್ದು ಅದು. ಹೊಟ್ಟೆಕಿಚ್ಚಾಯಿತು. ದಿನಾ ಯಾವುದೋ ನೆಪ ಹುಡುಕಿ ಆ ಬಾಗಿಲ ಹತ್ತಿರ ನಿಲ್ಲತೊಡಗಿದೆ. ಒಳಗಿಂದ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಸೆರಗು ನೋಡುತ್ತಿದ್ದರು. ಸೆರಗಿನ ಕೆಳಗೆ ನನ್ನ ಬೆರಳು ಸುಮ್ಮನಿರುತ್ತಿರಲಿಲ್ಲ.

ಚಾಮರಾಜನಗರದವರಾದರೂ ಬೇಗೂರಿನಲ್ಲೇ ರೂಮು ಮಾಡಿಕೊಂಡಿದ್ದರು. ಸಂಜೆ ಒಂದೇ ಬಸ್ಸು. ನಾನು ಮುಂದಿನ ಸೀಟು, ಅವರು ಹಿಂದಿನದು, ನಡುವೆ ಒಂದು ಕಬ್ಬಿಣದ ಕಂಬಿ. ಕಂಬಿಯ ಮೇಲೆ ಅವರು ಉಗುರಿನಿಂದ ಮೂರು ತಟ್ಟುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತ ಎರಡು ತಟ್ಟಿ ಮುಗಿಸುತ್ತಿದ್ದೆ. ಕಬ್ಬಿಣ ತಾನೆ, ಚರ್ಮ ಅಲ್ಲವಲ್ಲ. ಹೀಗೆ ಹದಿನಾರು ಕಿಲೋಮೀಟರು. ಇಳಿಯುವಾಗ ಒಮ್ಮೆ ಅವರ ಕಣ್ಣು ಸಿಕ್ಕಿತು. ನಗು ಬಂದದ್ದು ಇಬ್ಬರಿಗೂ, ಮುಚ್ಚಿಟ್ಟದ್ದು ನಾನೊಬ್ಬಳೇ.

ಒಂದು ದಿನ ಕೊಟ್ಟ ಮಾತಿನ ವಿಷಯ ಹೇಳಿಬಿಟ್ಟೆ. ಸುಮ್ಮನೆ ಕೇಳಿಸಿಕೊಂಡು, ಆಗ ನಿಮಗೆಷ್ಟು ವಯಸ್ಸು ಎಂದರು. ಹದಿನೇಳು ಅಂದೆ. ಆಗ ನಾನು ಈಗಿನ ಮಧುಶ್ರೀಗಿಂತ ಮೂರೇ ವರ್ಷ ದೊಡ್ಡವಳು ಅಂತ ಬಸ್ಸಿಳಿದ ಮೇಲೆ ನನಗೇ ಹೊಳೆಯಿತು.

ಜುಲೈನಲ್ಲಿ ಸೋನೆ ಹಿಡಿಯಿತು. ಕ್ಲಾಸಿನಲ್ಲಿದ್ದ ತಮಟೆಯ ಚರ್ಮ ಸಡಿಲಾಯಿತು. ಮಕ್ಕಳು ಹುಲ್ಲು ಉರಿಸಿ ಕಾಯಿಸಿದರು, ಠಣ್ ಅಂತು. ಅದು ಎಲ್ಲರಿಗೂ ಊರಲ್ಲೇ ಕಂಡು ಗೊತ್ತು. ಶಾಲೆಯ ಮೃದಂಗವೂ ಮಂಕಾಗಿತ್ತು. ಅದೂ ಚರ್ಮವೇ ತಾನೆ ಅಂತ ಮಧುಶ್ರೀಯ ಗುಂಪು ಅದನ್ನು ಬಿಸಿಯೂಟದ ಒಲೆ ಪಕ್ಕ ಇಟ್ಟು ಕಾಯಿಸಿತು. ಬಲಮುಖದ ನಡುವೆ ಮೆತ್ತಿದ್ದ ಕಪ್ಪು ಕರಣೆ ಕೆರೆಯ ಮಣ್ಣಿನಂತೆ ಬಿರಿಯಿತು.

ಅಡುಗೆಯ ಸೋಮಮ್ಮ ಅಳುತ್ತ ಬಂದಳು. "ನಾನೇ ಜಾಗ ಬುಟ್ಕೊಟ್ಟೆ ಕಣಮ್ಮಿ. ತಮಟೆ ಕಾಯ್ಸದ ನೋಡೀವ್ನಿ, ಇದ್ಕೂ ಅಂಗೇ ಅನ್ಕಂಡ್ಬುಟ್ಟೆ."

ಚಂದ್ರಕುಮಾರ್ ಯಾರಿಗೂ ಬೈಯಲಿಲ್ಲ. ಎರಡೂ ವಾದ್ಯವನ್ನು ನಡುವೆ ಇಟ್ಟು, ತಮಟೆ ಬೆಂಕಿಯ ಮಾತು ಕೇಳಿತು, ಮೃದಂಗ ಯಾಕೆ ಕೇಳಲಿಲ್ಲ ಅಂತ ಕೇಳಿದರು. ಎರಡು ದಿನ ಮಕ್ಕಳು ಬಾರು ಬಿಚ್ಚಿ, ತೂಕ ನೋಡಿ, ತಮ್ಮಲ್ಲೇ ಜಗಳವಾಡಿ ಉತ್ತರ ತಂದರು: ತಮಟೆಯ ಬಿಗಿ ಬೆಂಕಿಯಲ್ಲಿದೆ, ಮೃದಂಗದ ಬಿಗಿ ಅಂಚಿಗೆ ಬೀಳುವ ಕಲ್ಲಿನ ಪೆಟ್ಟಿನಲ್ಲಿದೆ.

ಆದರೆ ಆ ಮೃದಂಗ ದಾನ ಕೊಟ್ಟಿದ್ದವರು ನಮ್ಮಪ್ಪ.

ಸ್ಟಾಫ್ ರೂಮಿಗೇ ಬಂದರು. ಚಂದ್ರಕುಮಾರರ ತಂದೆ ರಂಗನಾಯಕರು ಮಾರಮ್ಮನ ಗುಡಿಯಲ್ಲಿ ನಗಾರಿ ಬಾರಿಸುತ್ತಿದ್ದವರು ಅಂತ ವಿಚಾರಿಸಿಕೊಂಡೇ ಬಂದಿದ್ದರು. ಚರ್ಮ ಸುಡೋ ಮನೆಯವನ ಕೈಗೆ ಮೃದಂಗ ಕೊಟ್ಟರೆ ಇನ್ನೇನಾಗುತ್ತೆ ಎಂದರು. ಹೆಡ್‌ಮಾಸ್ಟರು ನೆಲ ನೋಡಿದರು. ಅಪ್ಪ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. ಬಸ್ಸಿನ ವಿಷಯ ಊರಿಗೆಲ್ಲ ಗೊತ್ತಂತೆ. ಮೇಷ್ಟ್ರು ಇರಲಿ ಅಂತಾದರೆ ಇರಲಿ, ಆದರೆ ಆ ರೂಮಿಗೂ ಅವರ ಪಕ್ಕಕ್ಕೂ ಹೋಗಲ್ಲ ಅಂತ ನಾನು ಇನ್ನೊಂದು ಮಾತು ಕೊಡಬೇಕು.

"ಒಂದು ಕೊಟ್ಟಿದ್ದೀನಲ್ಲ ಅಪ್ಪ," ಎಂದೆ. "ಇನ್ನೊಂದು ಇಲ್ಲ."

ಅಪ್ಪ ಕೋಲೂರಿ ಹೊರಟರು. ಮೂರು, ಎರಡು. ಮೂರು, ಎರಡು. ಆ ಶನಿವಾರವೇ ಮೇಷ್ಟ್ರ ಕೊನೆಯ ದಿನ ಅಂತ ಸಂಜೆ ಕಾಗದ ಬಂತು.

ಶನಿವಾರ ಚಾಮರಾಜನಗರದಲ್ಲಿ ಸಂಗೀತದ ಶಿಕ್ಷಕರೆದುರು ಅವರ ಕ್ಲಾಸು ಹೇಗೆ ನಡೆಯುತ್ತದೆ ಅಂತ ತೋರಿಸುವುದು ಮೊದಲೇ ನಿಗದಿಯಾಗಿತ್ತು. ಹಿಂದಿನ ಸಂಜೆ ಬಸ್ಸಿನಲ್ಲಿ ಕಂಬಿ ಸುಮ್ಮನಿತ್ತು. ನಾನು ಎದ್ದು ಹೋಗಿ ಅವರ ಪಕ್ಕ ಕೂತೆ. ಬಸ್ಸಿಗೆ ಬಸ್ಸೇ ನೋಡಿತು, ನೋಡಲಿ.

ನಾಳೆ ಕಳೆದರೆ ಬೇಗೂರಿನಲ್ಲಿ ನಿಮಗೇನು ಕೆಲಸ ಅಂತ ಕೇಳಿದೆ.

"ಏನಿರಬೇಕು ಅಂತೀರಿ?"

"ನೀವು ಯಾವತ್ತೂ ಪ್ರಶ್ನೆಗೆ ಪ್ರಶ್ನೇನೇ ಇಡ್ತೀರಿ. ನಾನು ನಿಮ್ಮ ಸ್ಟೂಡೆಂಟ್ ಅಲ್ಲ. ಒಂದೇ ಒಂದ್ಸಲ ನೇರ ಉತ್ತರ ಹೇಳಿ. ನಾನು ಅಂದ್ರೆ ಇಷ್ಟಾನಾ?"

ಬಸ್ಸು ಒಂದು ಹಂಪು ದಾಟಿತು. ಅವರ ಕಿವಿ ಕೆಂಪಾಗಿತ್ತು.

"ಹೌದು," ಎಂದರು. "ಆ ಎರಡು ಚಪ್ಪಾಳೆಯಿಂದ."

ನಾನು ಕಿಟಕಿ ಕಡೆ ತಿರುಗಲಿಲ್ಲ. ಈ ಸಲ ನಗುವನ್ನು ಮುಚ್ಚಿಡಲಿಲ್ಲ.

ಚಾಮರಾಜನಗರದ ಆ ಹಾಲಿನಲ್ಲಿ ಮೇಷ್ಟರುಗಳು ಪೆನ್ನು ಹಿಡಿದು ಸಾಲಾಗಿ ಕೂತಿದ್ದರು. ಮೊಮ್ಮಗಳು ಕರೆದಳೆಂದು ಅಪ್ಪನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಕ್ಕಳು ಮೊದಲು ಎಲ್ಲರ ಪೆನ್ನು ಕೆಳಗಿಡಿಸಿದರು. ಆಮೇಲೆ ತಗಡು, ಜರಡಿ, ಕ್ರೇಟು. ಬಿರಿದ ಮೃದಂಗವನ್ನೂ ತಂದಿದ್ದರು, ಅದರ ಕಥೆಯನ್ನು ಸಾಗರ್ ಒಂದಿಷ್ಟೂ ನಾಚದೆ ಹೇಳಿದ. ಕೊನೆಗೆ ಮೂರು-ಎರಡರ ನಡಿಗೆ ಶುರುವಾಯಿತು. ಅಪ್ಪನ ಕೋಲು ತಾನಾಗಿಯೇ ಒಂದು ಸಲ ನೆಲ ತಟ್ಟಿತು. ಅಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮಧುಶ್ರೀ ಕಾಯಿಸಿದ ತಮಟೆ ಹಿಡಿದು ನೇರ ನನ್ನ ಮುಂದೆ ಬಂದಳು. "ಅಮ್ಮ, ರೂಲು ಗೊತ್ತಲ್ಲ."

ಚಂದ್ರಕುಮಾರರ ಕಡೆ ನೋಡಿದೆ. ಅವರು ತಲೆಯಾಡಿಸಲಿಲ್ಲ, ಬೇಡ ಅನ್ನಲೂ ಇಲ್ಲ. ಕಾಯುತ್ತಿದ್ದರು. ಮಕ್ಕಳಿಗೆ ಕಾಯುವ ಹಾಗೆ.

ತಮಟೆಯನ್ನು ಎದೆಗೆ ಒತ್ತಿಕೊಂಡೆ. ಬಿಸಿಯಿತ್ತು. ಅಪ್ಪನ ಎದುರು ಹೋಗಿ ನಿಂತೆ. "ಅಪ್ಪ, ಇವರನ್ನ ಮದುವೆ ಆಗ್ತೀನಿ. ನೀವು ಬಂದ್ರೆ ಸಂತೋಷ," ಎಂದೆ. "ಓಲಗದವರು ಊಟಕ್ಕೆ ಎದ್ದಾಗ ಡೋಲು ನಾನೇ ಬಾರಿಸ್ತೀನಿ."

ಅಪ್ಪ ಎದ್ದು ಹೋಗಲಿಲ್ಲ.

ಶನಿವಾರ ಹನ್ನೊಂದೂಕಾಲಿಗೆ, ತಮಟೆಯ ಮೇಲೆ ಮೂರು, ಎರಡು ಬಾರಿಸಿ, ಕೊಟ್ಟ ಮಾತನ್ನು ಮುರಿದೆ.